ಪ್ರವಾಸ ಪ್ರಶ್ನೋತ್ತರ: ಎರಡು ಕೋಟೆ, ಒಂದು ಮರಳುದಿಬ್ಬ, ಆರು ದಿನ

ದೀಪಾವಳಿ ಮುಗಿದು ಮಕ್ಕಳ ಕ್ರಿಸ್‌ಮಸ್ ರಜೆ ಹತ್ತಿರವಾಗುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳ ಸಂಖ್ಯೆ ಹೆಚ್ಚುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಆಸೆಯನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿವೆ: ಒಂದು ಹಳೆಯ ಊರನ್ನು ಸಾವಕಾಶವಾಗಿ ನೋಡಬೇಕು, ಒಂದು ರಾತ್ರಿಯಾದರೂ ಮರಳುದಿಬ್ಬಗಳ ನಡುವೆ ಕಳೆಯಬೇಕು, ರಜೆ ಮುಗಿಯುವುದರೊಳಗೆ ಮನೆ ಸೇರಬೇಕು. ಆದ್ದರಿಂದ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾವು ಮೂಲತಃ ವಿಜಯಪುರ ಜಿಲ್ಲೆಯವರು, ಇಪ್ಪತ್ತು ವರ್ಷಗಳಿಂದ ಡೊಂಬಿವಲಿಯಲ್ಲಿದ್ದೇವೆ. ಡಿಸೆಂಬರ್ ಕೊನೆಯಲ್ಲಿ ನಮ್ಮ ಯಜಮಾನರಿಗೆ ರೈಲಿನ ರಾತ್ರಿಗಳನ್ನು ಬಿಟ್ಟು ಆರು ದಿನ ಸಿಗುತ್ತವೆ. ಜೊತೆಯಲ್ಲಿ 12 ವರ್ಷದ ಮಗಳು, 6 ವರ್ಷದ ಮಗ ಮತ್ತು 68 ವರ್ಷದ ನಮ್ಮ ಅತ್ತೆಯವರು ಇರುತ್ತಾರೆ. ಪ್ರವಾಸದ ಏಜೆಂಟರೊಬ್ಬರು ಜೈಪುರ, ಜೋಧಪುರ, ಜೈಸಲ್ಮೇರ್, ಉದಯಪುರ ಈ ನಾಲ್ಕನ್ನೂ ಆರು ದಿನಗಳಲ್ಲಿ ತೋರಿಸುವುದಾಗಿ ಹೇಳುತ್ತಿದ್ದಾರೆ. ಮಕ್ಕಳಿಗೆ ಮರಳುಗುಡ್ಡೆ ಬೇಕು, ನನಗೆ ಕೋಟೆ ಬೇಕು, ಅತ್ತೆಯವರಿಗೆ ದೇವಸ್ಥಾನ ಬೇಕು. ಇದು ಸಾಧ್ಯವೇ?

ಉತ್ತರ: ಸಾಧ್ಯವಿದೆ, ಆದರೆ ನೀವು ನೋಡುವುದು ಹೆಚ್ಚಾಗಿ ಹೆದ್ದಾರಿಯನ್ನು. ಜೈಪುರದಿಂದ ಜೋಧಪುರಕ್ಕೆ ಸುಮಾರು 330 ಕಿಲೋಮೀಟರ್, ಅಲ್ಲಿಂದ ಜೈಸಲ್ಮೇರಿಗೆ ಸುಮಾರು 280, ಜೈಸಲ್ಮೇರಿನಿಂದ ಉದಯಪುರಕ್ಕೆ ಸುಮಾರು 500. ಕೂಡಿಸಿ ನೋಡಿದರೆ ಮುಂಬಯಿಯಿಂದ ಬೆಂಗಳೂರಿಗೆ ಹೋಗುವುದಕ್ಕಿಂತ ಹೆಚ್ಚಿನ ದಾರಿಯನ್ನು 68 ವರ್ಷದ ಹಿರಿಯರನ್ನೂ 6 ವರ್ಷದ ಮಗುವನ್ನೂ ಕೂರಿಸಿಕೊಂಡು ಕಾರಿನಲ್ಲಿ ಕ್ರಮಿಸಿದಂತಾಗುತ್ತದೆ. ಏಜೆಂಟರ ಪಟ್ಟಿಯಲ್ಲಿ ಊರುಗಳ ಹೆಸರಿರುತ್ತದೆಯೇ ಹೊರತು ಆ ಊರಿನಲ್ಲಿ ನಿಮಗೆ ಎಷ್ಟು ಬೆಳಗು, ಎಷ್ಟು ಸಂಜೆ ಸಿಗುತ್ತದೆ ಎಂಬ ಲೆಕ್ಕ ಇರುವುದಿಲ್ಲ. ರಾಜಸ್ಥಾನದಲ್ಲಿ ನೋಡತಕ್ಕದ್ದೆಲ್ಲ ಬೆಳಗಿನ ಹನ್ನೆರಡರೊಳಗೆ ಮತ್ತು ಸಂಜೆ ನಾಲ್ಕರ ನಂತರ ಚೆನ್ನಾಗಿ ಕಾಣುತ್ತದೆ. ಮರಳುದಿಬ್ಬವಂತೂ ಸೂರ್ಯ ಮುಳುಗುವ ಮತ್ತು ಹುಟ್ಟುವ ಎರಡು ಗಂಟೆಗಳಿಗಾಗಿಯೇ ಇರುವಂಥದ್ದು. ಹಾಗಾಗಿ ಜೈಪುರವನ್ನೂ ಉದಯಪುರವನ್ನೂ ಇನ್ನೊಂದು ವರ್ಷಕ್ಕೆ ಬಿಟ್ಟು, ಈ ಸಲ ಜೋಧಪುರ ಮತ್ತು ಜೈಸಲ್ಮೇರ್ ಎರಡನ್ನೇ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ.

ಬಾಂದ್ರಾ ಟರ್ಮಿನಸ್ಸಿನಿಂದ ಜೋಧಪುರಕ್ಕೆ ಹೋಗುವ ಸೂರ್ಯನಗರಿ ಎಕ್ಸ್‌ಪ್ರೆಸ್ ಒಂದು ರಾತ್ರಿಯ ಪ್ರಯಾಣ. ನಿಮ್ಮಂತೆ ಮಧ್ಯ ರೈಲ್ವೆಯ ಕಡೆ ಇರುವವರು ಬಾಂದ್ರಾ ಲೋಕಲ್ ಸ್ಟೇಶನ್ನೂ ಬಾಂದ್ರಾ ಟರ್ಮಿನಸ್ಸೂ ಒಂದೇ ಎಂದು ತಿಳಿದು ಕೊನೆಯ ಗಳಿಗೆಯಲ್ಲಿ ಸಾಮಾನು ಹೊತ್ತು ಓಡುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ಅವು ಬೇರೆ ಬೇರೆ. ನಡುವೆ ರಿಕ್ಷಾ ಹಿಡಿಯಲು ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ, ಇಲ್ಲವೇ ಬೊರಿವಲಿಯಲ್ಲಿ ಹತ್ತಿಕೊಳ್ಳಿ. ರೈಲಿನ ಮುಂಗಡ ಟಿಕೇಟು ಈಗ 60 ದಿನ ಮೊದಲು ಮಾತ್ರ ಸಿಗುತ್ತದೆ ಎಂಬುದನ್ನೂ, ಕ್ರಿಸ್‌ಮಸ್ ವಾರದ ಟಿಕೇಟು ತೆರೆದ ದಿನವೇ ಮುಗಿಯುವ ಸಾಧ್ಯತೆಯಿದೆ ಎಂಬುದನ್ನೂ ನೆನಪಿನಲ್ಲಿಡಿ.

ಮೊದಲ ದಿನ ಬೆಳಗ್ಗೆ ಜೋಧಪುರದಲ್ಲಿ ಇಳಿದವರು ಸ್ನಾನ, ನಿದ್ದೆ ಮುಗಿಸಿ ಸಂಜೆ ಹೊರಟರೆ ಸಾಕು. ಗಡಿಯಾರ ಗೋಪುರದ ಸುತ್ತಲಿನ ಸರ್ದಾರ್ ಮಾರ್ಕೆಟ್, ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ 1740ರ ದಶಕದ ತೂರ್‌ಜೀ ಕಾ ಝಾಲರಾ ಎಂಬ ಮೆಟ್ಟಿಲುಬಾವಿ. ಮಾರ್ಕೆಟ್ಟಿನ ಮಿರ್ಚಿ ವಡೆ ಎಂದರೆ ನಮ್ಮ ಮೆಣಸಿನಕಾಯಿ ಭಜಿಗೆ ಆಲೂಗೆಡ್ಡೆಯ ಹೂರಣ ತುಂಬಿದ ರೂಪ. ವಿಜಯಪುರದವರಿಗೆ ಅದನ್ನು ಪರಿಚಯಿಸಬೇಕಾದ ಅಗತ್ಯವಿಲ್ಲ.

ಎರಡನೆಯ ದಿನ ಬಾಗಿಲು ತೆರೆಯುವ ಹೊತ್ತಿಗೇ ಮೆಹ್ರಾನ್‌ಗಢಕ್ಕೆ ಹೋಗಿ. 1459ರಲ್ಲಿ ರಾವ್ ಜೋಧಾ ಊರು ಕಟ್ಟಿದಾಗಲೇ ಆರಂಭವಾದ ಈ ಕೋಟೆ ಊರಿನಿಂದ ಸುಮಾರು 120 ಮೀಟರ್ ಎತ್ತರದ ಬಂಡೆಯ ಮೇಲಿದೆ. ಅತ್ತೆಯವರು ಇಷ್ಟು ಏರಬೇಕೇ ಎಂದು ಗಾಬರಿಯಾಗಬೇಡಿ. ಪ್ರತ್ಯೇಕ ಶುಲ್ಕ ಕೊಟ್ಟರೆ ಮೇಲಕ್ಕೆ ಹೋಗಲು ಲಿಫ್ಟ್ ಇದೆ. ಅವರು ಲಿಫ್ಟಿನಲ್ಲಿ ಹೋಗಲಿ, ಮಕ್ಕಳನ್ನು ನೀವು ಬಾಗಿಲುಗಳ ದಾರಿಯಲ್ಲಿಯೇ ನಡೆಸಿ. ಆನೆಗಳು ಓಡಿ ಬಂದು ಗುದ್ದದಂತೆ ದಾರಿಯನ್ನು ಹೇಗೆ ತಿರುಗಿಸಿದ್ದಾರೆ, ಬಾಗಿಲುಗಳಿಗೆ ಮೊಳೆಗಳನ್ನು ಎಷ್ಟು ಎತ್ತರಕ್ಕೆ ಬಡಿದಿದ್ದಾರೆ ಎಂಬುದು ನಡೆದವರಿಗೆ ಮಾತ್ರ ತಿಳಿಯುತ್ತದೆ. ಒಳಗಿನ ಪಲ್ಲಕ್ಕಿ ಮತ್ತು ಅಂಬಾರಿಗಳ ಸಂಗ್ರಹ, ಮೇಲಿನಿಂದ ಕಾಣುವ ನೀಲಿ ಮನೆಗಳು, ಇಳಿದ ಮೇಲೆ ಹತ್ತಿರದಲ್ಲೇ 1899ರಲ್ಲಿ ಕಟ್ಟಿದ ಜಸ್ವಂತ್ ಥಡಾ ಎಂಬ ಅಮೃತಶಿಲೆಯ ರಾಜಸ್ಮಾರಕ: ಇಷ್ಟಕ್ಕೆ ಮಧ್ಯಾಹ್ನವಾಗುತ್ತದೆ. ಊಟಕ್ಕೆ ಕುಳಿತಾಗ ಕೇರ್-ಸಾಂಗರಿ ಪಲ್ಯವನ್ನು ತಪ್ಪದೆ ಕೇಳಿ. ಸಾಂಗರಿ ಎಂದರೆ ಖೇಜ್ರಿ ಮರದ ಕಾಯಿ. ಖೇಜ್ರಿ ಎಂದರೆ ಬೇರೆ ಯಾವುದೂ ಅಲ್ಲ, ನಮ್ಮ ಬನ್ನಿ ಮರ. ಇಲ್ಲಿ ಮಹಾರಾಷ್ಟ್ರದಲ್ಲಿ ನೆರೆಯವರು ದಸರೆಗೆ ಆಪಟೆಯ ಎಲೆಯನ್ನು ಚಿನ್ನವೆಂದು ಕೈಗಿಡುತ್ತಾರೆ. ನಾವು ‘ಬನ್ನಿ ತೊಗೊಂಡು ಬಂಗಾರದ್ಹಂಗ ಇರೂಣ’ ಎನ್ನುವ ಆ ಮರದ ಕಾಯನ್ನು ಮಾರವಾಡದ ಜನ ಒಣಗಿಸಿಟ್ಟು ವರ್ಷವಿಡೀ ಉಣ್ಣುತ್ತಾರೆ. ಇದೇ ಮರವನ್ನು ಉಳಿಸಲು 1730ರಲ್ಲಿ ಜೋಧಪುರದ ಸಮೀಪದ ಖೇಜಡ್ಲಿಯಲ್ಲಿ ಅಮೃತಾದೇವಿಯೂ ಸೇರಿ ಬಿಷ್ಣೋಯಿ ಪಂಥದ 363 ಜನ ಪ್ರಾಣ ಕೊಟ್ಟರು. ನಿಮ್ಮ ಮಗಳ ವಯಸ್ಸಿನವರಿಗೆ ಈ ಕಥೆಯನ್ನು ಆ ಊರಿನ ಮರದ ಕೆಳಗೇ ಹೇಳಬಹುದು. ಸಂಜೆ ಬಿಡುವಿದ್ದರೆ ಹೋಗಿಬನ್ನಿ.

ಮೂರನೆಯ ದಿನದ ವಿಷಯದಲ್ಲಿ ನನ್ನ ಸಲಹೆ ರೂಢಿಗೆ ವಿರುದ್ಧವಾಗಿದೆ. ಎಲ್ಲರೂ ಜೈಸಲ್ಮೇರ್ ನೋಡಿ ಮುಗಿಸಿ ಕೊನೆಯ ರಾತ್ರಿ ಮರಳಿಗೆ ಹೋಗುತ್ತಾರೆ. ನೀವು ಮರಳನ್ನು ಮೊದಲು ಮುಗಿಸಿ. ಬೆಳಗ್ಗೆ ಏಳಕ್ಕೆ ಜೋಧಪುರ ಬಿಟ್ಟರೆ, 1974 ಮತ್ತು 1998ರ ಅಣುಪರೀಕ್ಷೆಗಳಿಂದ ಹೆಸರಾದ ಪೋಖರಣ್‌ನಲ್ಲಿ ಚಹಾ ಕುಡಿದು, ಮಧ್ಯಾಹ್ನದ ಊಟಕ್ಕೆ ಜೈಸಲ್ಮೇರ್ ತಲುಪುತ್ತೀರಿ. ಎರಡು ಗಂಟೆ ವಿಶ್ರಾಂತಿಯ ನಂತರ ಹೊರಟರೆ ದಾರಿಯಲ್ಲಿ ಕುಲಧರಾ ಎಂಬ ಪಾಳು ಹಳ್ಳಿಯನ್ನು ನೋಡಿಕೊಂಡು, ಊರಿನಿಂದ ಸುಮಾರು 40 ಕಿಲೋಮೀಟರ್ ಪಶ್ಚಿಮದಲ್ಲಿರುವ ಸಮ್ ದಿಬ್ಬಗಳಿಗೆ ಸೂರ್ಯಾಸ್ತದೊಳಗೆ ಹೋಗಬಹುದು. ಜೈಸಲ್ಮೇರ್ ದೇಶದ ಪಶ್ಚಿಮ ಅಂಚಿನಲ್ಲಿದ್ದರೂ ಡಿಸೆಂಬರಿನಲ್ಲಿ ಸೂರ್ಯ ಆರು ಗಂಟೆಯ ಸುಮಾರಿಗೇ ಮುಳುಗುತ್ತಾನೆ, ಬೆಳಗ್ಗೆ ಏಳೂಕಾಲು ದಾಟಿದ ಮೇಲೆ ಹುಟ್ಟುತ್ತಾನೆ. ಮಕ್ಕಳನ್ನು ಕತ್ತಲಲ್ಲಿ ಎಬ್ಬಿಸಬೇಕಾದ ಕಷ್ಟ ಇಲ್ಲಿ ಇಲ್ಲ.

ಕುಲಧರಾದ ಪಾಲಿವಾಲ ಬ್ರಾಹ್ಮಣರು ಒಂದೇ ರಾತ್ರಿಯಲ್ಲಿ ಊರು ಬಿಟ್ಟರೆಂದೂ, ಇಲ್ಲಿ ಮುಂದೆ ಯಾರೂ ನೆಲೆಸದಿರಲಿ ಎಂದು ಶಾಪವಿಟ್ಟರೆಂದೂ ಗೈಡುಗಳು ಹೇಳುತ್ತಾರೆ. ‘ತಲಕಾಡು ಮರಳಾಗಲಿ’ ಎಂಬ ಶಾಪವನ್ನು ಕೇಳಿ ಬೆಳೆದ ನಮಗೆ ಇದರಲ್ಲಿ ಹೊಸತೇನಿಲ್ಲ. ಅದಕ್ಕಿಂತ ನನಗೆ ಕುತೂಹಲ ಹುಟ್ಟಿಸಿದ್ದು ಪಾಲಿವಾಲರ ಖಡೀನ್ ಎಂಬ ಬೇಸಾಯದ ಪದ್ಧತಿ. ವರ್ಷಕ್ಕೆ 200 ಮಿಲಿಮೀಟರಿಗೂ ಕಡಿಮೆ ಮಳೆ ಬೀಳುವ ಆ ನೆಲದಲ್ಲಿ, ಕಲ್ಲುನೆಲದ ಮೇಲೆ ಹರಿದು ಬರುವ ನೀರನ್ನು ತಗ್ಗಿನ ಹೊಲಕ್ಕೆ ಒಡ್ಡು ಹಾಕಿ ನಿಲ್ಲಿಸಿ, ಇಂಗಿದ ಮೇಲೆ ಉಳಿದ ತೇವದಲ್ಲಿಯೇ ಗೋಧಿ, ಕಡಲೆ ಬೆಳೆಯುತ್ತಿದ್ದರು. ಎರೆಭೂಮಿಯ ತೇವವನ್ನು ನಂಬಿ ಹಿಂಗಾರಿ ಜೋಳ ಬಿತ್ತುವ ಮನೆತನದಿಂದ ಬಂದ ನಿಮ್ಮ ಅತ್ತೆಯವರು ಇದನ್ನು ನಮ್ಮೆಲ್ಲರಿಗಿಂತ ಬೇಗ ಅರ್ಥ ಮಾಡಿಕೊಂಡಾರು.

ದಿಬ್ಬದ ಬಗ್ಗೆ ಒಂದು ಭ್ರಮೆಯನ್ನು ಮೊದಲೇ ಕಳೆಯುವುದು ಒಳ್ಳೆಯದು. ಥಾರ್ ಮರುಭೂಮಿ ಎಂದರೆ ಕಣ್ಣು ಹಾಯಿಸಿದಷ್ಟು ದೂರ ಮರಳಲ್ಲ. ಬಹುಪಾಲು ಕುರುಚಲು ಗಿಡ, ಕಲ್ಲು, ಮೇಕೆ, ಹಳ್ಳಿ. ಸಮ್‌ನಲ್ಲಿಯೂ ಗಿಡವಿಲ್ಲದ ದಿಬ್ಬಗಳಿರುವುದು ರಸ್ತೆಯ ಪಕ್ಕದ ಕೆಲವು ಕಿಲೋಮೀಟರುಗಳ ಪಟ್ಟಿಯಲ್ಲಿ ಮಾತ್ರ, ರಜೆಯ ಸಂಜೆಗಳಲ್ಲಿ ಅಲ್ಲಿ ಜುಹೂ ಚೌಪಾಟಿಯನ್ನು ನೆನಪಿಸುವಷ್ಟು ಜನ. ಬಹಳಷ್ಟು ಶಿಬಿರಗಳು ದಿಬ್ಬದ ಮೇಲಲ್ಲ, ರಸ್ತೆಯ ಬದಿಯ ಮಟ್ಟಸ ನೆಲದಲ್ಲಿವೆ. ನಾವು ಹೋದ ವರ್ಷ ಇಳಿದುಕೊಂಡ ಶಿಬಿರದ ಜೀಪು ಐದಕ್ಕೆ ಬರಬೇಕಾದದ್ದು ಐದೂಮುಕ್ಕಾಲಿಗೆ ಬಂತು. ನಾವು ದಿಬ್ಬ ಮುಟ್ಟುವಾಗ ಆಕಾಶ ಕೆಂಪಾಗಿತ್ತು, ಸೂರ್ಯ ಇರಲಿಲ್ಲ. ಅಂದಿನಿಂದ ನಾನು ಹಣ ಕಟ್ಟುವ ಮೊದಲು ಕೇಳುವ ಮೊದಲ ಪ್ರಶ್ನೆ, ಡೇರೆಯಿಂದ ದಿಬ್ಬಕ್ಕೆ ನಡೆದು ಹೋಗಲು ಎಷ್ಟು ನಿಮಿಷ ಬೇಕು ಎಂಬುದು. ಸ್ನಾನದ ಮನೆ ಡೇರೆಗೆ ಸೇರಿದೆಯೇ, ಬಿಸಿನೀರು ಬೆಳಗ್ಗೆ ಎಷ್ಟು ಹೊತ್ತಿನವರೆಗೆ, ಒಂಟೆ ಸವಾರಿ ಹೇಳಿದ ಬೆಲೆಯಲ್ಲಿ ಸೇರಿದೆಯೇ, ಹಾಡು-ಕುಣಿತ ಎಷ್ಟು ಗಂಟೆಗೆ ನಿಲ್ಲುತ್ತದೆ, ಇವು ಆಮೇಲಿನವು. ಕೊನೆಯ ಪ್ರಶ್ನೆಗೆ ನಗು ಮಾತ್ರ ಉತ್ತರವಾಗಿ ಬಂದರೆ ಆ ಶಿಬಿರವನ್ನು ಬಿಡಿ. ಡಿಸೆಂಬರ್ ಕೊನೆಯಲ್ಲಿ ಸಮ್ ಗದ್ದಲದ ಜಾಗ. ಜೈಸಲ್ಮೇರಿನ ನೈಋತ್ಯಕ್ಕಿರುವ ಖುರಿ ಎಂಬ ಹಳ್ಳಿಯ ದಿಬ್ಬಗಳು ಸಣ್ಣವು, ಆದರೆ ಅಲ್ಲಿ ಗಾಳಿಯ ಸದ್ದು ಕೇಳಿಸುತ್ತದೆ. ನನ್ನನ್ನು ಕೇಳಿದರೆ ಖುರಿಯನ್ನೇ ಹೇಳುತ್ತೇನೆ. ಹಾಗೆ ಮಾಡಿದರೆ ಕುಲಧರಾವನ್ನು ಮರುದಿನಕ್ಕೆ ಇಟ್ಟುಕೊಳ್ಳಬೇಕಾಗುತ್ತದೆ.

ನಾಲ್ಕನೆಯ ದಿನ ಸೂರ್ಯೋದಯ ನೋಡಿ, ಹತ್ತರ ಹೊತ್ತಿಗೆ ಜೈಸಲ್ಮೇರಿಗೆ ಮರಳಿ, ಕೂದಲಿನ ಮರಳನ್ನು ತೊಳೆದುಕೊಂಡು ಮಲಗಿ. ಮರಳನ್ನು ಮೊದಲು ಮುಗಿಸಿ ಎಂದದ್ದು ಇದಕ್ಕಾಗಿಯೇ: ಡೇರೆಯಲ್ಲಿ ಮಕ್ಕಳೂ ಹಿರಿಯರೂ ಸರಿಯಾಗಿ ನಿದ್ದೆ ಮಾಡುವುದಿಲ್ಲ, ಮರುದಿನ ಅವರಿಗೆ ಬೇಕಾದದ್ದು ರೈಲಲ್ಲ, ಹಾಸಿಗೆ. ಸಂಜೆ, 1805ರಲ್ಲಿ ಗುಮಾನ್ ಚಂದ್ ಪಟವಾ ಎಂಬ ವ್ಯಾಪಾರಿ ಆರಂಭಿಸಿದ ಐದು ಹವೇಲಿಗಳ ಸಾಲನ್ನು ನೋಡಿ, ಹದಿನಾಲ್ಕನೆಯ ಶತಮಾನದ ಗಡೀಸರ್ ಕೆರೆಯ ದಂಡೆಯಲ್ಲಿ ಕುಳಿತುಕೊಳ್ಳಿ. ಐದನೆಯ ದಿನದ ಬೆಳಗು ಕೋಟೆಗೆ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ, 99 ಬುರುಜುಗಳ ಈ ಕೋಟೆ 2013ರಲ್ಲಿ ರಾಜಸ್ಥಾನದ ಇತರ ಐದು ಗಿರಿದುರ್ಗಗಳೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಒಳಗೆ ಇಂದಿಗೂ ಜನ ವಾಸಿಸುತ್ತಾರೆ. ತರಕಾರಿ ಗಾಡಿ, ಶಾಲೆಗೆ ಹೋಗುವ ಮಕ್ಕಳು, ಒಣಗಿ ಹಾಕಿದ ಬಟ್ಟೆ ಎಲ್ಲವೂ ಕೋಟೆಯ ಗೋಡೆಗಳ ನಡುವೆಯೇ. ಅತ್ತೆಯವರು ಬಯಸಿದ ದೇವಸ್ಥಾನಗಳೂ ಇಲ್ಲಿಯೇ ಇವೆ: ಒಂದಕ್ಕೊಂದು ಅಂಟಿಕೊಂಡ ಏಳು ಜೈನ ಬಸದಿಗಳು, ಅವುಗಳ ಅಡಿಯಲ್ಲಿ ಓಲೆಗರಿಯ ಗ್ರಂಥಗಳನ್ನು ಕಾಪಾಡಿಕೊಂಡು ಬಂದ ಜ್ಞಾನಭಂಡಾರ. ಮೂಡಬಿದಿರೆಯ ಬಸದಿಯಲ್ಲಿ ಧವಲ ಎಂಬ ಜೈನ ಗ್ರಂಥದ ಓಲೆಗಳನ್ನು ಶತಮಾನಗಳ ಕಾಲ ಕಾಪಾಡಿದವರ ನಾಡಿನಿಂದ ಹೋದ ನಮಗೆ ಆ ಇಕ್ಕಟ್ಟಾದ ಕೋಣೆ ಪರಿಚಿತವೆನಿಸುತ್ತದೆ. ಜೈನರಲ್ಲದವರಿಗೆ ಬಸದಿಗಳು ಸಾಮಾನ್ಯವಾಗಿ ಬೆಳಗಿನ ಹೊತ್ತು ಮಾತ್ರ ತೆರೆದಿರುವುದರಿಂದ, ಕೋಟೆಯನ್ನು ಸಂಜೆಗೆ ಇಟ್ಟುಕೊಂಡವರು ಮುಚ್ಚಿದ ಬಾಗಿಲನ್ನು ನೋಡಿ ಬರುತ್ತಾರೆ. ಚರ್ಮದ ಬೆಲ್ಟು, ಪರ್ಸನ್ನು ಕೋಣೆಯಲ್ಲಿಯೇ ಬಿಟ್ಟು ಹೋಗಿ.

ಕೋಟೆಯೊಳಗೆ ಅಂದವಾದ ಹೋಟೆಲುಗಳಿವೆ, ಆದರೂ ಅಲ್ಲಿ ತಂಗಬೇಡಿ. ತಲೆಯ ಮೇಲೆ ನೀರು ಹೊತ್ತು ತರುತ್ತಿದ್ದ ಕಾಲಕ್ಕಾಗಿ ಕಟ್ಟಿದ ಆ ಗುಡ್ಡದಲ್ಲಿ ಈಗ ನಲ್ಲಿ, ಶೌಚಾಲಯಗಳ ನೀರು ಸೋರಿ ತಳದ ಮಣ್ಣಿಗಿಳಿದು, ಬುರುಜುಗಳು ಸಡಿಲವಾಗಿವೆ. ಕೋಟೆಯ ಹೊರಗೆ, ಅದು ಕಾಣುವ ಮಾಳಿಗೆಯಿರುವ ಕೋಣೆ ಹಿಡಿದರೆ ನೋಟವೂ ಅದೇ ಚೆನ್ನ. ಐದನೆಯ ದಿನ ಮಧ್ಯಾಹ್ನ ಜೋಧಪುರಕ್ಕೆ ಮರಳಿ, ಆರನೆಯ ದಿನ ಮಾರವಾಡದ ಹಳೆಯ ರಾಜಧಾನಿ ಮಂಡೋರ್‌ನ ತೋಟ, ಸ್ವಲ್ಪ ಖರೀದಿ, ಸಂಜೆಯ ರೈಲು. ರೈಲು ತಪ್ಪಿಸುವ ಯಾವ ತಾಪತ್ರಯ ನಡುವೆ ಬಂದರೂ ಸರಿಪಡಿಸಿಕೊಳ್ಳಲು ಈ ದಿನ ಕೈಯಲ್ಲಿರುತ್ತದೆ.

ಪ್ರಶ್ನೆ: ನಾವು ಪುಣೆಯ ಹಡಪಸರದಲ್ಲಿರುವ ದಂಪತಿ, ಇಬ್ಬರೂ ಐಟಿ ಕೆಲಸದಲ್ಲಿದ್ದೇವೆ. ಮೂರು ವರ್ಷದ ಮಗಳಿದ್ದಾಳೆ. ಶನಿವಾರ, ಭಾನುವಾರಕ್ಕೆ ಒಂದೆರಡು ರಜೆ ಸೇರಿಸಿದರೆ ಸಿಗುವುದು ಮೂರೇ ರಾತ್ರಿ. ಜೈಸಲ್ಮೇರಿಗೆ ಹೋಗಿ ಬರಬಹುದೇ?

ಉತ್ತರ: ವಿಮಾನ ಸಿಕ್ಕರೂ ಬೇಡ. ಜೈಸಲ್ಮೇರಿನ ವಿಮಾನಗಳು ವರ್ಷವಿಡೀ ಒಂದೇ ಸಮನಾಗಿ ಇರುವುದಿಲ್ಲ. ಜೋಧಪುರದಲ್ಲಿ ಇಳಿದರೆ ಮೂರು ವರ್ಷದ ಮಗುವಿನೊಂದಿಗೆ ಹೋಗುತ್ತ ಐದು ಗಂಟೆ, ಬರುತ್ತ ಐದು ಗಂಟೆ ಕಾರಿನಲ್ಲಿರಬೇಕು. ನಿಮಗೆ ಒಪ್ಪುವುದು ಜೋಧಪುರ ಮತ್ತು ಓಸಿಯಾಂ. ಜೋಧಪುರದಿಂದ ಸುಮಾರು 65 ಕಿಲೋಮೀಟರ್ ಉತ್ತರದಲ್ಲಿರುವ ಓಸಿಯಾಂನಲ್ಲಿ ಮರಳುದಿಬ್ಬಗಳೂ ಇವೆ, ಸಚ್ಚಿಯಾಯ ಮಾತೆಯ ಗುಡಿಯೂ ಪ್ರಾಚೀನವಾದ ಮಹಾವೀರ ಬಸದಿಯೂ ಇವೆ. ನಮ್ಮ ಚಿಕ್ಕಪೇಟೆಯಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಅಂಗಡಿ ಇಟ್ಟಿರುವ ಓಸ್ವಾಲರು ತಮ್ಮ ಹೆಸರಿನ ಮೂಲ ಈ ಊರೆಂದೇ ಹೇಳುತ್ತಾರೆ. ದಿಬ್ಬಗಳು ಸಮ್‌ನಷ್ಟು ದೊಡ್ಡವಲ್ಲ. ಆದರೆ ಮೂರು ವರ್ಷದವಳ ಕಣ್ಣಿಗೆ ಅವು ಬೆಟ್ಟಗಳೇ. ಎರಡು ರಾತ್ರಿ ಜೋಧಪುರ, ನಡುವೆ ಒಂದು ರಾತ್ರಿ ಓಸಿಯಾಂ ಎಂದು ಹಂಚಿಕೊಳ್ಳಿ.

ಮಗುವಿಗಾಗಿ ಎರಡು ಎಚ್ಚರಿಕೆಗಳು. ದಿಬ್ಬದ ಮೇಲೆ ಓಡಿಸುವ ತೆರೆದ ಜೀಪಿನಲ್ಲಿ ಹಿಂಬದಿಯ ಕಬ್ಬಿಣದ ಕಂಬಿ ಹಿಡಿದು ನಿಲ್ಲಿಸಿ ಕರೆದೊಯ್ಯುವುದು ಅಲ್ಲಿನ ವಾಡಿಕೆ. ಮಗುವನ್ನು ಎತ್ತಿಕೊಂಡು ಹಾಗೆ ನಿಲ್ಲುವುದಾದರೆ ಆ ಸವಾರಿಯೇ ಬೇಡ. ಎರಡನೆಯದು ಚಳಿ. ಒಣ ಮರಳಿನ ಕಣಗಳ ನಡುವೆ ಗಾಳಿ ತುಂಬಿರುವುದರಿಂದ ಹಗಲಿನ ಬಿಸಿ ಆಳಕ್ಕೆ ಇಳಿಯದೆ ಮೇಲ್ಪದರದಲ್ಲಿಯೇ ನಿಲ್ಲುತ್ತದೆ. ಮೋಡವೂ ತೇವವೂ ಇಲ್ಲದ ಆಕಾಶಕ್ಕೆ ಅದು ಸಂಜೆಯ ನಂತರ ಬೇಗ ಹೊರಟುಹೋಗುತ್ತದೆ. ಮಧ್ಯಾಹ್ನ ಅರ್ಧ ತೋಳಿನ ಅಂಗಿಯಲ್ಲಿ ಆಡಿದ ಮಗುವಿಗೆ ರಾತ್ರಿ ಎಂಟಕ್ಕೆ ಉಣ್ಣೆಯ ಟೋಪಿ ಬೇಕಾಗುತ್ತದೆ. ಜನವರಿಯ ರಾತ್ರಿಗಳಲ್ಲಿ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ, ಪುಣೆಯ ಚಳಿಯನ್ನು ನಂಬಿ ಹೋಗಬೇಡಿ.

ಅಂದಹಾಗೆ, ಬೆಂಗಳೂರಿನಿಂದ ಹುಬ್ಬಳ್ಳಿ, ಬೆಳಗಾವಿ, ಮೀರಜ್ ಮೂಲಕ ಜೋಧಪುರಕ್ಕೆ ಹೋಗುವ ರೈಲು ಪುಣೆಯಲ್ಲಿ ನಿಲ್ಲುತ್ತದೆ. ಮೂರು ರಾತ್ರಿಯ ರಜೆಗೆ ಅದು ನಿಧಾನವಾದೀತು, ಆದರೆ ಊರಿನಿಂದ ಅಜ್ಜ-ಅಜ್ಜಿಯೂ ಬರುವುದಾದರೆ ಅವರು ಅದರಲ್ಲಿ ಹೊರಟು, ನೀವು ಪುಣೆಯಲ್ಲಿ ಸೇರಿಕೊಳ್ಳಬಹುದು.

ಪ್ರಶ್ನೆ: ನಾವು ಪಿಂಪ್ರಿಯಲ್ಲಿರುವ ನಿವೃತ್ತರು. ನನ್ನ ಪತ್ನಿಗೆ ಮಂಡಿನೋವು, ನನಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತೇನೆ. ಮಗ-ಸೊಸೆ ಮರುಭೂಮಿಗೆ ಕರೆಯುತ್ತಿದ್ದಾರೆ. ಈರುಳ್ಳಿ, ಬೆಳ್ಳುಳ್ಳಿ ತಿನ್ನುವವರಲ್ಲ. ಹೋಗಬಹುದೇ?

ಉತ್ತರ: ಹೋಗಿಬನ್ನಿ. ಒಂಟೆಯ ಬದಲು ಒಂಟೆಗಾಡಿಯನ್ನು ಕೇಳಿ. ಹಾಸಿಗೆ ಹಾಕಿದ ಆ ಗಾಡಿ ದಿಬ್ಬದ ಬುಡದವರೆಗೂ ಹೋಗುತ್ತದೆ. ಒಂಟೆ ಏಳುವಾಗ ಮೊದಲು ಹಿಂಗಾಲುಗಳನ್ನು ಎತ್ತುವುದರಿಂದ ಸವಾರ ಮುಂದಕ್ಕೆ ಬೀಳುವಂತಾಗುತ್ತಾನೆ, ಕೂರುವಾಗ ಮುಂಗಾಲು ಮಡಚುವುದರಿಂದ ಮತ್ತೆ ಹಾಗೆಯೇ ಆಗುತ್ತದೆ. ಎರಡೂ ಸಲ ಹಿಂದಕ್ಕೆ ವಾಲಬೇಕು. ಮೊಮ್ಮಕ್ಕಳಿಗೆ ಇದನ್ನು ಹೇಳಿಕೊಡಿ, ನಿಮ್ಮ ಪತ್ನಿಯವರಿಗೆ ಆ ಎರಡು ಕುಲುಕಾಟಗಳೂ ಬೇಡ. ಇನ್ಸುಲಿನ್ನನ್ನು ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ, ಮರಳಿನಲ್ಲಿಡುವ ಚೀಲದಲ್ಲಿಯೂ ಬೇಡ. ಕೋಣೆಯ ಉಷ್ಣತೆಯಲ್ಲಿ ನಿಮ್ಮ ಔಷಧಿ ಎಷ್ಟು ದಿನ ಇರಬಲ್ಲದು ಎಂಬುದನ್ನು ನಿಮ್ಮ ವೈದ್ಯರಿಂದ ಕೇಳಿಕೊಂಡೇ ಹೊರಡಿ. ಶಿಬಿರದಲ್ಲಿ ಊಟ ಬಡಿಸುವುದು ಹಾಡು-ಕುಣಿತ ಮುಗಿದ ಮೇಲೆ, ಅದು ಒಂಬತ್ತೂವರೆಯಾದರೂ ಆಗಬಹುದು; ಆದ್ದರಿಂದ ಎಂಟು ಗಂಟೆಗೆ ಎರಡು ರೊಟ್ಟಿ ಬೇಕೆಂದು ಬಂದ ಕೂಡಲೇ ಹೇಳಿಬಿಡಿ. ಬಾಜರೆ ಕೀ ರೋಟಿ ಎಂದರೆ ನಮ್ಮ ಸಜ್ಜಿ ರೊಟ್ಟಿ. ಈರುಳ್ಳಿ-ಬೆಳ್ಳುಳ್ಳಿಯ ಮಟ್ಟಿಗೆ ರಾಜಸ್ಥಾನದಷ್ಟು ಸುಲಭವಾದ ನಾಡು ಬೇರೆಯಿಲ್ಲ: ‘ಜೈನ್ ಖಾನಾ’ ಎಂದರೆ ಸಾಕು. ಅದರಲ್ಲಿ ಆಲೂಗೆಡ್ಡೆಯೂ ಇರುವುದಿಲ್ಲ, ಅದನ್ನು ನಿಮ್ಮ ವೈದ್ಯರು ಮೆಚ್ಚಿಯಾರು. ದಿಬ್ಬಗಳಿಂದ ಆಸ್ಪತ್ರೆಯಿರುವ ಜೈಸಲ್ಮೇರಿಗೆ 40 ಕಿಲೋಮೀಟರ್ ಇರುವುದರಿಂದ, ರಾತ್ರಿ ನಿಮ್ಮ ಕಾರು ಮತ್ತು ಚಾಲಕರು ಶಿಬಿರದಲ್ಲಿಯೇ ಉಳಿಯುವಂತೆ ಮಾತಾಡಿಕೊಳ್ಳಿ.

ಪ್ರಶ್ನೆ: ವಾಸ್ಕೋದಿಂದ ಬರೆಯುತ್ತಿದ್ದೇನೆ. ರಾಜಸ್ಥಾನಕ್ಕೆ ಹೋಗೋಣವೆಂದರೆ ನನ್ನ 9 ವರ್ಷದ ಮಗ, ‘ಮರಳು ನಮ್ಮ ಗೋವೆಯಲ್ಲೇ ಇದೆಯಲ್ಲ ಅಪ್ಪ’ ಎನ್ನುತ್ತಾನೆ. ಅವನಿಗೆ ಏನು ಹೇಳಲಿ?

ಉತ್ತರ: ಅವನ ಪ್ರಶ್ನೆ ಸರಿಯಾಗಿದೆ. ಹೊರಡುವ ಮೊದಲು ಕಡಲತೀರದ ಒಂದು ಹಿಡಿ ಮರಳನ್ನು ಪೊಟ್ಟಣ ಕಟ್ಟಿ, ಒಂದು ಭೂತಗನ್ನಡಿಯನ್ನೂ ಜೊತೆಗೊಯ್ಯಿರಿ. ಕಡಲ ಮರಳಿನಲ್ಲಿ ಚಿಪ್ಪಿನ ಚೂರುಗಳು ಸಿಗುತ್ತವೆ. ಗಾಳಿಯಲ್ಲಿ ಒಂದಕ್ಕೊಂದು ಬಡಿದು ಸವೆದ ದಿಬ್ಬದ ಕಣಗಳು ಹೆಚ್ಚು ದುಂಡಗೆ, ಉಜ್ಜಿದ ಗಾಜಿನಂತೆ ಮಂಕಾಗಿರುತ್ತವೆ. ಗಾಳಿ ಬರುವ ಕಡೆ ದಿಬ್ಬ ಇಳಿಜಾರಾಗಿ, ಇನ್ನೊಂದು ಕಡೆ ಕಡಿದಾಗಿರುತ್ತದೆ; ಕಡಿದಾದ ಬದಿ ಸುಮಾರು 34 ಡಿಗ್ರಿಗಿಂತ ಹೆಚ್ಚಾದರೆ ಒಣ ಮರಳು ತಾನಾಗಿ ಜಾರಿಬಿಡುತ್ತದೆ. ಅವನು ಕೋನಮಾಪಕವನ್ನು ಒಯ್ದು ಅಳೆದು ನೋಡಲಿ. ಬೆಳಗ್ಗೆ ಜನ ತುಳಿಯುವ ಮೊದಲು ಹೋದರೆ ಜೀರುಂಡೆ, ಹಲ್ಲಿ, ಇಲಿಗಳ ಹೆಜ್ಜೆಯ ಸಾಲುಗಳನ್ನು ಓದಬಹುದು, ಅಲೆ ಬಂದು ಅಳಿಸುವ ಕಡಲತೀರದಲ್ಲಿ ಆ ಬರಹ ಅಷ್ಟು ಹೊತ್ತು ಉಳಿಯುವುದಿಲ್ಲ. ಮುಂದೆ ಊರಿಗೆ ಹೋದಾಗ ಕಾವೇರಿಯ ದಂಡೆಯ ತಲಕಾಡನ್ನೂ ತೋರಿಸಿ. ನದಿಯ ಮರಳನ್ನು ಗಾಳಿ ಎತ್ತಿ ತಂದು ಗುಡಿಗಳನ್ನೇ ಹೂತುಹಾಕಿದ ಆ ಊರನ್ನು ನೋಡಿದರೆ ಅವನಿಗೆ ಮೂರು ಬಗೆಯ ಮರಳನ್ನು ಹೋಲಿಸಿದಂತಾಗುತ್ತದೆ. ಇನ್ನು ಪ್ರಯಾಣಕ್ಕೆ, ಕೊಂಕಣ ರೈಲ್ವೆಯಲ್ಲಿ ಮಡಗಾಂವ್ ಮೂಲಕ ಜೋಧಪುರದ ಕಡೆಗೆ ವಾರಕ್ಕೊಮ್ಮೆ ಹೋಗುವ ರೈಲುಗಳಿವೆ. ರಜೆಯನ್ನು ಗೊತ್ತು ಮಾಡುವ ಮೊದಲು ಅವುಗಳ ವಾರವನ್ನು ನೋಡಿಕೊಳ್ಳಿ.

ಪ್ರಶ್ನೆ: ಮುಲುಂಡಿನಲ್ಲಿ ವಾಸ. ನಮ್ಮ ತಂಗಿಯ ಕುಟುಂಬ ದುಬೈಯಲ್ಲಿದೆ. ಅಲ್ಲಿಗೆ ಹೋದರೆ ಊರೂ ಮರಳೂ ಒಟ್ಟಿಗೆ ನೋಡಿದಂತಾಗುತ್ತದೆ ಎನ್ನುತ್ತಾರೆ. ಮೂರು ರಾತ್ರಿ ಸಾಕೇ? ಮಕ್ಕಳು 10 ಮತ್ತು 14 ವರ್ಷದವರು.

ಉತ್ತರ: ಸಾಕು, ಏಕೆಂದರೆ ಪ್ರಯಾಣದ ಸಮಯದ ಲೆಕ್ಕದಲ್ಲಿ ದುಬೈ ಜೈಸಲ್ಮೇರಿಗಿಂತ ಹತ್ತಿರ. ಮುಂಬಯಿಯಿಂದ ಸುಮಾರು ಮೂರು ಗಂಟೆಯ ವಿಮಾನ, ಗಡಿಯಾರ ಒಂದೂವರೆ ಗಂಟೆ ಹಿಂದಕ್ಕೆ ಹೋಗುವುದರಿಂದ ಮೊದಲ ದಿನ ಉದ್ದವಾಗುತ್ತದೆ. ಊರಿನಿಂದ ದಿಬ್ಬಗಳಿಗೆ ಕಾರಿನಲ್ಲಿ ಒಂದು ಗಂಟೆಯ ಆಸುಪಾಸು. ಮಧ್ಯಾಹ್ನ ಮೂರರ ಹೊತ್ತಿಗೆ ಕರೆದೊಯ್ದು ರಾತ್ರಿ ಊಟದ ನಂತರ ಮರಳಿ ಬಿಡುವ ಸಫಾರಿಯೇ ಅಲ್ಲಿನ ರೂಢಿ. ಅಂದರೆ ಅಲ್ಲಿ ಮರುಭೂಮಿ ಒಂದು ಸಂಜೆಯ ಬಾಬತ್ತು, ರಾತ್ರಿಯದಲ್ಲ. ಅದನ್ನು ಎರಡನೆಯ ದಿನಕ್ಕೆ ಇಟ್ಟುಕೊಳ್ಳಿ. ಟೈರಿನ ಗಾಳಿ ಇಳಿಸಿ ದಿಬ್ಬದ ಮೇಲೆ ಕಾರನ್ನು ಏರಿಸಿ ಇಳಿಸುವ ಆಟ ನಿಮ್ಮ ಮಕ್ಕಳಿಗೆ ಹಿಡಿಸೀತು, ಬೆನ್ನುನೋವಿರುವವರಿಗೂ ಗರ್ಭಿಣಿಯರಿಗೂ ಅದು ಸಲ್ಲದು. ಅಂಥವರನ್ನು ನೇರವಾಗಿ ಶಿಬಿರಕ್ಕೆ ಕರೆದೊಯ್ಯುವ ಕಾರನ್ನು ಮೊದಲೇ ಕೇಳಬೇಕು. ಊಟಕ್ಕೆ ಮೊದಲೇ ಹೊರಬಂದು, ದೀಪಗಳಿಂದ ದೂರ ನಿಂತು ಹತ್ತು ನಿಮಿಷ ಸುಮ್ಮನಿದ್ದರೆ ಆ ಸಂಜೆ ಸಾರ್ಥಕ.

ಊರಿನಲ್ಲಿ 828 ಮೀಟರಿನ ಬುರ್ಜ್ ಖಲೀಫಾವನ್ನು ನೀವು ಹೇಗೂ ನೋಡುತ್ತೀರಿ; ಮೇಲಕ್ಕೆ ಹತ್ತುವ ಟಿಕೇಟನ್ನು ಸೂರ್ಯಾಸ್ತದ ಹೊತ್ತಿಗೆ ತೆಗೆದುಕೊಂಡರೆ ಬೆಲೆ ಹೆಚ್ಚು, ಬೆಳಗಿನದು ಅಗ್ಗ. ಆದರೆ ಒಂದು ಬೆಳಗನ್ನು ಪೂರ್ತಿಯಾಗಿ ಹಳೆಯ ದುಬೈಗೆ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ಅಲ್ ಫಹೀದಿಯ ಓಣಿಗಳಲ್ಲಿ ಮನೆಯ ಮೇಲೆ ನಿಂತ ಗಾಳಿಗೋಪುರಗಳು, ವಿದ್ಯುತ್ತಿಲ್ಲದ ಕಾಲದಲ್ಲಿ ಗಾಳಿಯನ್ನು ಕೆಳಗಿನ ಕೋಣೆಗೆ ಇಳಿಸುತ್ತಿದ್ದ ಬಗೆಯನ್ನು ಮಕ್ಕಳು ತಲೆಯೆತ್ತಿ ನೋಡಲಿ. ಅಲ್ಲಿಂದ ಬಂದರಿಗೆ ನಡೆದು, ಅಬ್ರಾ ಎಂಬ ಮರದ ದೋಣಿಯಲ್ಲಿ ಕ್ರೀಕ್ ದಾಟಿ ಮಸಾಲೆ ಮತ್ತು ಚಿನ್ನದ ಪೇಟೆಗಳಿಗೆ ಹೋಗಿ. ಆ ದೋಣಿಯ ದರ ಬಹಳ ಕಾಲದಿಂದ ಒಂದೇ ದಿರ್ಹಮ್, ಇಡೀ ಊರಿನಲ್ಲಿ ಅಷ್ಟು ಅಗ್ಗದ ಪ್ರವಾಸ ಇನ್ನೊಂದಿಲ್ಲ. ಮೂರನೆಯ ದಿನ ಅಬುಧಾಬಿಗೆ ಹೋಗುವುದಾದರೆ ಶೇಖ್ ಜಾಯೇದ್ ಮಸೀದಿ ಮತ್ತು 2024ರ ಫೆಬ್ರವರಿಯಲ್ಲಿ ತೆರೆದ ಸ್ವಾಮಿನಾರಾಯಣ ಮಂದಿರ ಎರಡನ್ನೂ ನೋಡಬಹುದು, ಎರಡರಲ್ಲೂ ಮೈ ಮುಚ್ಚುವ ಉಡುಪು ಬೇಕು.

ತಂಗಿಗೆಂದು ತಿಂಡಿಯ ಡಬ್ಬ ಕಟ್ಟುವಾಗ ಒಂದನ್ನು ಮರೆಯಬೇಡಿ. ಗಸಗಸೆಯನ್ನು ಆ ದೇಶಕ್ಕೆ ಒಯ್ಯುವುದು ಕಾನೂನಿಗೆ ವಿರುದ್ಧ. ಪಾಯಸಕ್ಕೆ ಎಂದು ಒಂದು ಹಿಡಿಯೂ ಬೇಡ, ಗಸಗಸೆ ಹಾಕಿದ ಮಸಾಲೆಪುಡಿಯೂ ಅನರಸವೂ ಬೇಡ. ಕೊಡೀನ್, ಟ್ರಾಮಡಾಲ್ ಇರುವ ಕೆಮ್ಮಿನ ಔಷಧಿ ಮತ್ತು ನೋವಿನ ಮಾತ್ರೆಗಳಿಗೂ ನಿರ್ಬಂಧವಿದೆ. ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಉಳಿದಿದೆಯೇ ಎಂದು ನೋಡುವಾಗ ಮಕ್ಕಳದನ್ನು ಮೊದಲು ನೋಡಿ, ಏಕೆಂದರೆ ಅವರ ಪಾಸ್‌ಪೋರ್ಟು ಐದೇ ವರ್ಷಗಳದ್ದು, ಮುಗಿದದ್ದು ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ಘಾಟ್ಕೋಪರಿನ ನಮ್ಮ ಗುಜರಾತಿ ನೆರೆಯವರು ಕಛ್‌ನ ರಣ ಹತ್ತಿರ, ಅಲ್ಲಿಗೇ ಹೋಗಿ, ಅದೂ ಮರುಭೂಮಿಯೇ ಎನ್ನುತ್ತಾರೆ. ಮಕ್ಕಳಿಗೆ ಮರಳುದಿಬ್ಬ ಅಲ್ಲಿಯೇ ತೋರಿಸಬಹುದೇ?

ಉತ್ತರ: ಮರುಭೂಮಿ ಹೌದು, ಮರಳುದಿಬ್ಬವಿಲ್ಲ. ಧೋರ್ಡೋದ ಬಿಳಿಯ ರಣ ಮಳೆಗಾಲದಲ್ಲಿ ನೀರು ನಿಂತು, ಆರಿದ ಮೇಲೆ ಉಳಿಯುವ ಉಪ್ಪಿನ ಬಯಲು; ಹುಣ್ಣಿಮೆಯ ರಾತ್ರಿ ಅದನ್ನು ನೋಡಲೇಬೇಕು. ಅಲ್ಲಿಂದ, 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸಿಂಧೂ ನಾಗರಿಕತೆಯ ಊರು ಧೋಲಾವೀರಾಕ್ಕೂ ಹೋಗಬಹುದು. ಆದರೆ ದಿಬ್ಬದಿಂದ ಜಾರಬೇಕೆಂದು ಹೊರಟ ಮಕ್ಕಳನ್ನು ಅಂಗೈಯಷ್ಟು ಮಟ್ಟಸವಾದ ಉಪ್ಪಿನ ಮೇಲೆ ನಿಲ್ಲಿಸಿದರೆ ಮರಳಿ ಬರುವವರೆಗೂ ನೀವು ಸಮಜಾಯಿಷಿ ಕೊಡುತ್ತಿರಬೇಕಾಗುತ್ತದೆ. ಕಛ್ ಅನ್ನು ಇನ್ನೊಂದು ಚಳಿಗಾಲದ ಹುಣ್ಣಿಮೆಗೆ ಇಟ್ಟುಕೊಳ್ಳಿ.